ಹೆಡ್‌ಲೈಟ್ ಬಲ್ಬ್ ಪದೇ ಪದೇ ಸುಡುತ್ತಿದೆಯೇ? ಸತ್ತ ಬಲ್ಬನ್ನು ಎಸೆಯಬೇಡಿ

ಒಂದೇ ವರ್ಷದಲ್ಲಿ ಬಲಗಡೆಯ ಹೆಡ್‌ಲೈಟಿಗೆ ನಾಲ್ಕು ಬಲ್ಬ್ ಹಾಕಿಸಿದ್ದೆ. ಎಡಗಡೆಯ ಬಲ್ಬ್ ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಉರಿಯುತ್ತಲೇ ಇತ್ತು. ನಾಲ್ಕನೆಯದು ಹೋದದ್ದು ಧಾರವಾಡದಿಂದ ಪುಣೆಗೆ ವಾಪಸು ಬರುವ ರಾತ್ರಿ, ಖಂಬಾಟಕಿ ಸುರಂಗ ದಾಟಿ ಶಿರವಳದ ಕಡೆ ಇಳಿಯುವಾಗ. ಅದಕ್ಕೂ ಮೊದಲು ಪ್ರತಿ ಸಲವೂ ನಾನು ಮಾಡಿದ್ದು ಒಂದೇ: ಹೊಸ ಬಲ್ಬ್ ತಗೊಂಡೆ, ಹಾಕಿಸಿದೆ, ಹಳೆಯದನ್ನು ಅಂಗಡಿಯವನ ಡಬ್ಬಿಗೆ ಎಸೆದು ಬಂದೆ.

ಹಡಪ್ಸರ್ ಕಡೆ ಇಂಡಿ ತಾಲೂಕಿನವರೊಬ್ಬರು ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ. ಎಲ್ಲರೂ ಅವರನ್ನು ಉಸ್ತಾದ್ ಎಂದೇ ಕರೆಯುವುದು. ಅವರ ಹತ್ತಿರ ಹೋಗಿ ಅಳಲು ತೋಡಿಕೊಂಡರೆ ಅವರು ಕಾರಿನ ಕಡೆ ತಿರುಗಿಯೂ ನೋಡಲಿಲ್ಲ. "ಸರ, ಸುಟ್ಟ ಬಲ್ಬ್ ಎಲ್ಲಿ ಒಗದ್ರಿ? ಹೆಣಾ ನೋಡದ ಹೆಂಗ ಸತ್ತಾನಂತ ಹೆಂಗ ಹೇಳಾಕ ಬರತೈತಿ?" ಅಂದರು. ಪುಣ್ಯಕ್ಕೆ ನಾಲ್ಕನೆಯದು ಇನ್ನೂ ಹೋಲ್ಡರಿನಲ್ಲೇ ಇತ್ತು. ಮುಂದೆ ಬರೆದಿರುವುದು ಅವರಿಂದ ಕಲಿತದ್ದು, ಆಮೇಲೆ ಮಲ್ಟಿಮೀಟರ್ ಹಿಡಿದು ನಾನೇ ಅಳೆದು ನೋಡಿದ್ದು. ಎಲ್ಲವೂ ಹ್ಯಾಲೊಜನ್ ಬಲ್ಬಿನ ಮಾತು. ನಮ್ಮ ಹಳೆಯ ಚಿಕ್ಕ ಕಾರುಗಳಲ್ಲಿ ಹೆಚ್ಚಾಗಿ ಇರುವ ಎಚ್4, ಅಂದರೆ ಒಂದೇ ಗಾಜಿನೊಳಗೆ ಅಪ್ಪರಿಗೆ (ದೂರ ಬೀಳುವ ಬೆಳಕು) 60 ವಾಟ್, ಡಿಪ್ಪರಿಗೆ (ಹತ್ತಿರ, ತಗ್ಗಿ ಬೀಳುವ ಬೆಳಕು) 55 ವಾಟ್ ಎರಡು ತಂತಿ ಇರುವ ಬಲ್ಬನ್ನೇ ಉದಾಹರಣೆಗೆ ಹಿಡಿದಿದ್ದೇನೆ.

ಮೊದಲು ಒಂದು ಲೆಕ್ಕ

ಬಲ್ಬ್ ನಿಜಕ್ಕೂ ಅಕಾಲದಲ್ಲಿ ಸಾಯುತ್ತಿದೆಯೇ? ಸಾಧಾರಣ ಹ್ಯಾಲೊಜನ್ ಬಲ್ಬಿನ ಆಯಸ್ಸು ಗಂಟೆಗಳಲ್ಲಿ, ಅದೂ ನೂರರ ಲೆಕ್ಕದಲ್ಲಿ, ವರ್ಷಗಳಲ್ಲಿ ಅಲ್ಲ. ಹಿಂಜವಡಿಯಲ್ಲಿ ಎರಡನೇ ಪಾಳಿ ಮುಗಿಸಿ ದಿನಾ ರಾತ್ರಿ ಊರಿನ ಇನ್ನೊಂದು ತುದಿಗೆ ಹೋಗುವವರು ಎರಡೂವರೆ ಗಂಟೆ ಲೈಟ್ ಹಾಕುತ್ತಾರೆ ಅಂದುಕೊಳ್ಳಿ. ತಿಂಗಳಿಗೆ 22 ದಿನ ಎಂದರೆ 55 ಗಂಟೆ. ಒಂಬತ್ತು ತಿಂಗಳಲ್ಲಿ 500 ಗಂಟೆ ಮುಟ್ಟುತ್ತದೆ. ಅಂಥವರ ಬಲ್ಬ್ ವರ್ಷ ತುಂಬುವ ಮೊದಲೇ ಹೋದರೆ ಕಾರಿನಲ್ಲಿ ದೋಷವೇನೂ ಇಲ್ಲ, ಅದು ದುಡಿದು ಸತ್ತಿದೆ. ವಾರಕ್ಕೊಮ್ಮೆ ತರಕಾರಿ ತರಲು ಕಾರು ತೆಗೆಯುವವರ ಬಲ್ಬ್ ಎರಡು ತಿಂಗಳಿಗೆ ಹೋದರೆ ಮಾತ್ರ ಹುಡುಕಬೇಕಾದ್ದು ಏನೋ ಇದೆ.

ಡಬ್ಬಿಯ ಮೇಲೆ 100 ಶೇಕಡಾ ಹೆಚ್ಚು ಬೆಳಕು, 150 ಶೇಕಡಾ ಹೆಚ್ಚು ಬೆಳಕು ಎಂದು ಬರೆದ ಬಲ್ಬುಗಳನ್ನು ಹಾಕಿದ್ದರೆ ಹುಡುಕುವ ಕೆಲಸ ಅಲ್ಲಿಗೇ ಮುಗಿದಂತೆ. ಅವುಗಳ ತಂತಿ ಹೆಚ್ಚು ಬಿಸಿಯಾಗಿ ಉರಿಯುವಂತೆ ಮಾಡಿದ್ದು, ಬೆಳಕು ಜಾಸ್ತಿ, ಆಯಸ್ಸು ಕಡಿಮೆ. ದೋಷ ಹುಡುಕುವಷ್ಟು ದಿನವಾದರೂ ಸಾದಾ ಬಲ್ಬ್ ಹಾಕಿಕೊಂಡಿರಿ.

ಎರಡೂ ಕಡೆಯೋ, ಒಂದೇ ಕಡೆಯೋ?

ಈ ಒಂದು ಪ್ರಶ್ನೆಯಲ್ಲಿ ಅರ್ಧ ಕೆಲಸ ಆಗುತ್ತದೆ. ನಾಲ್ಕು ಬಲ್ಬ್ ಸುಟ್ಟುಕೊಂಡರೂ ನಾನು ಅದನ್ನು ಕೇಳಿಕೊಳ್ಳಲಿಲ್ಲ ಎನ್ನುವುದೇ ನನಗೀಗ ನಾಚಿಕೆ. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ "ಡೈನಮೋ ಓವರ್‌ಚಾರ್ಜ್ ಮಾಡ್ತಿದೆ, ಕಟೌಟ್ ಬದಲಿಸಿ" ಎಂದಿದ್ದರು. ಡೈನಮೋ ಎಂದರೆ ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್, ಕಟೌಟ್ ಎಂದರೆ ಅದರ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್. ಆದರೆ ಎರಡೂ ಬಲ್ಬಿಗೆ ಹೋಗುವ ಕರೆಂಟ್ ಒಂದೇ ಬ್ಯಾಟರಿಯದು, ಒಂದೇ ಡೈನಮೋದ್ದು. ವೋಲ್ಟೇಜ್ ಹೆಚ್ಚಾಗಿದ್ದರೆ ಎಡಗಡೆಯದೂ ಸಾಯಬೇಕಿತ್ತಲ್ಲ?

ಎರಡೂ ಕಡೆ ಹೆಚ್ಚುಕಡಿಮೆ ಒಟ್ಟಿಗೆ ಹೋಗುತ್ತಿದ್ದರೆ, ಜೊತೆಗೆ ಟೇಲ್ ಲ್ಯಾಂಪು, ನಂಬರ್ ಪ್ಲೇಟಿನ ಬಲ್ಬುಗಳೂ ಆಗಾಗ ಹೋಗುತ್ತಿದ್ದರೆ, ವೋಲ್ಟೇಜ್ ಮೇಲೆ ಅನುಮಾನ ಪಡಿ. ಒಂದೇ ಕಡೆ ಹೋಗುತ್ತಿದ್ದರೆ ಆ ಕಡೆಯ ಹೋಲ್ಡರ್, ಅಲುಗಾಟ, ನೀರು, ಇಲ್ಲವೇ ಬಲ್ಬ್ ಹಾಕಿದವರ ಕೈ. ಒಂದು ಎಚ್ಚರಿಕೆ: ಎರಡನ್ನೂ ಜೋಡಿಯಾಗಿ ಹಾಕಿಸಿದ್ದು, ಬಲಗಡೆಯದು ಹೋದ ತಿಂಗಳಿಗೆ ಎಡಗಡೆಯದೂ ಹೋದರೆ ಗಾಬರಿ ಬೇಡ, ಒಂದೇ ವಯಸ್ಸಿನವು, ಹಿಂದೆಮುಂದೆ ಹೋಗುತ್ತವೆ.

ಗಾಜಿನೊಳಗೆ ಏನು ಕಾಣುತ್ತದೆ?

ಲೈಟ್ ಆರಿಸಿ, ಹತ್ತು ಹದಿನೈದು ನಿಮಿಷ ಬಿಟ್ಟು ಬಲ್ಬ್ ತೆಗೆಯಿರಿ. ಉರಿಯುವಾಗ ಗಾಜಿನ ಬಿಸಿ 250 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲೆ ಇರುತ್ತದೆ, ಒಳಗೆ ಅನಿಲ ಒತ್ತಡದಲ್ಲಿರುತ್ತದೆ. ಬೆಳಕಿಗೆ ಹಿಡಿದು, ಮೊಬೈಲ್ ಕ್ಯಾಮೆರಾವನ್ನು ದೊಡ್ಡದು ಮಾಡಿ ನೋಡಿ. ಎಚ್4 ಬಲ್ಬಿನ ತುದಿಗೆ ಕಾರ್ಖಾನೆಯಲ್ಲೇ ಕಪ್ಪು ಬಣ್ಣ ಬಳಿದಿರುತ್ತಾರೆ, ಅದನ್ನೇ ಸುಟ್ಟ ಗುರುತು ಎಂದುಕೊಂಡವರು ಬೇಕಾದಷ್ಟು ಜನ. ನೋಡಬೇಕಾದ್ದು ಪಕ್ಕದ ಪಾರದರ್ಶಕ ಗಾಜು ಮತ್ತು ಒಳಗಿನ ಸುರುಳಿ ತಂತಿ.

ಗಾಜು ಕನ್ನಡಿಯಷ್ಟು ಸ್ವಚ್ಛ, ತಂತಿ ಮಾತ್ರ ತುಂಡಾಗಿ ತುದಿ ಚೂಪಾಗಿದೆ, ಬಲ್ಬನ್ನು ಅಲ್ಲಾಡಿಸಿದರೆ ತುಂಡು ನೇತಾಡುತ್ತದೆ: ಇದು ಅಲುಗಾಟದ ಸಾವು. ತಂತಿಯ ತುದಿಯಲ್ಲಿ ಕರಗಿದ ಸಣ್ಣ ಗುಂಡು, ಗಾಜಿನ ಒಳಮೈಗೆ ಬೂದು ಅಥವಾ ಕಪ್ಪು ಲೇಪ: ತಂತಿ ಆವಿಯಾಗಿ ಸವೆದಿದೆ, ಅಂದರೆ ವಯಸ್ಸಾಗಿದೆ ಅಥವಾ ವೋಲ್ಟೇಜ್ ಹೆಚ್ಚಿದೆ. ಹೊಸ ಬಲ್ಬಿನಲ್ಲೇ ಹೀಗೆ ಕಂಡರೆ ಎರಡನೆಯದೇ ಸರಿ. ಒಳಗೆಲ್ಲ ಬಿಳಿ ಅಥವಾ ಹಳದಿ ಪುಡಿ: ಗಾಜು ಎಲ್ಲೋ ಸೀಳಿ ಗಾಳಿ ಹೊಕ್ಕಿದೆ, ಟಂಗ್‌ಸ್ಟನ್ ಉರಿದು ಆಕ್ಸೈಡ್ ಆಗಿದೆ. ಗಾಜು ಒಂದು ಕಡೆ ಉಬ್ಬಿದೆ, ಇಲ್ಲವೇ ಹಾಲಿನಂಥ ಮಚ್ಚೆ ಬಿದ್ದಿದೆ: ಯಾರೋ ಬರಿಗೈಯಲ್ಲಿ ಮುಟ್ಟಿದ್ದಾರೆ.

ಈ ಕೊನೆಯದರ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಅಂಗಡಿಯ ಹುಡುಗರು ಅದನ್ನು ನಂಬುವುದಿಲ್ಲ. ಹ್ಯಾಲೊಜನ್ ಬಲ್ಬಿನಲ್ಲಿ ತಂತಿಯಿಂದ ಆವಿಯಾದ ಟಂಗ್‌ಸ್ಟನ್ ಗಾಜಿಗೆ ಅಂಟದೆ, ಬ್ರೋಮಿನ್ ಅಥವಾ ಅಯೋಡಿನ್ ಜೊತೆ ಸೇರಿ ಮತ್ತೆ ತಂತಿಯ ಮೇಲೇ ಕೂರಬೇಕು. ಅದಕ್ಕೆ ಗಾಜು ಅಷ್ಟು ಬಿಸಿಯಾಗಿರಲೇಬೇಕು. ಆ ಬಿಸಿಯಲ್ಲಿ ಬೆರಳಿನ ಬೆವರಿನ ಉಪ್ಪು ಮತ್ತು ಎಣ್ಣೆ ಸ್ಫಟಿಕ ಗಾಜನ್ನು ತಿನ್ನುತ್ತವೆ, ಆ ಜಾಗದಲ್ಲಿ ಗಾಜು ದುರ್ಬಲವಾಗಿ ಉಬ್ಬುತ್ತದೆ, ಸೀಳುತ್ತದೆ. ಬಲ್ಬನ್ನು ಕಬ್ಬಿಣದ ಬುಡದಲ್ಲೇ ಹಿಡಿಯಿರಿ. ಗಾಜು ಮುಟ್ಟಿಬಿಟ್ಟರೆ ಮೆಡಿಕಲ್ ಅಂಗಡಿಯ ಸ್ಪಿರಿಟ್ಟಿನಲ್ಲಿ ಶುಭ್ರ ಬಟ್ಟೆ ಅದ್ದಿ ಒರೆಸಿ, ಒಣಗಲು ಬಿಟ್ಟು ಆಮೇಲೆ ಹಾಕಿ. ಈ ಮಾತು ಹೇಳಿದ್ದಕ್ಕೆ ಒಬ್ಬ ಹುಡುಗ ನನ್ನ ಮುಖ ನೋಡಿ ನಕ್ಕು, ಬಲ್ಬನ್ನು ಗ್ರೀಸ್ ಕೈಯಲ್ಲೇ ಹಿಡಿದು ಹಾಕಿಕೊಟ್ಟಿದ್ದ.

ನನ್ನ ನಾಲ್ಕನೇ ಬಲ್ಬಿನ ಗಾಜು ಸ್ವಚ್ಛವಾಗಿತ್ತು, ಡಿಪ್ಪರಿನ ತಂತಿ ಚೂಪಾಗಿ ಮುರಿದು ನೇತಾಡುತ್ತಿತ್ತು. ಉಸ್ತಾದ್ ನೋಡಿದವರೇ "ಬಂಪರ್ ಕೆಲಸ ಮಾಡಿಸೀರೇನು?" ಅಂತ ಕೇಳಿದರು. ಮಾಡಿಸಿದ್ದೆ. ಅದು ಆಮೇಲೆ ಹೇಳುತ್ತೇನೆ.

ವೋಲ್ಟೇಜ್ ಅಳೆಯುವುದು

ನಿಮ್ಮದು ಎರಡೂ ಕಡೆಯ ರೋಗವಾದರೆ ಒಂದು ಮಲ್ಟಿಮೀಟರ್ ಬೇಕು. ಬುಧವಾರ ಪೇಠೆಯ ತಪಕೀರ್ ಗಲ್ಲಿಯಲ್ಲೋ, ಮುಂಬಯಿಯವರಾದರೆ ಲ್ಯಾಮಿಂಗ್ಟನ್ ರಸ್ತೆಯಲ್ಲೋ ಕೊಂಡ ಅಗ್ಗದ ಮೀಟರೇ ಸಾಕು.

ಎಂಜಿನ್ ಆರಿಸಿ ಒಂದೆರಡು ಗಂಟೆ ಬಿಟ್ಟು ಬ್ಯಾಟರಿಗೆ ಮೀಟರ್ ಹಿಡಿದರೆ 12.4ರಿಂದ 12.7 ವೋಲ್ಟ್ ಬರಬೇಕು. ಎಂಜಿನ್ ಶುರುಮಾಡಿ, ಹೆಡ್‌ಲೈಟ್ ಹಾಕಿ, ಇನ್ನೊಬ್ಬರಿಗೆ ಆಕ್ಸಲರೇಟರ್ ಸ್ವಲ್ಪ ಒತ್ತಿ ಹಿಡಿಯಲು ಹೇಳಿ. 13.8ರಿಂದ 14.5ರೊಳಗೆ ನಿಂತರೆ ಸರಿ. 14.8 ದಾಟಿ ಅಲ್ಲೇ ನಿಂತರೆ ಸರಿಯಿಲ್ಲ. ಹೊಸ ಕಾರುಗಳಲ್ಲಿ ಚಾರ್ಜಿಂಗನ್ನು ಇಸಿಯು, ಅಂದರೆ ಕಾರಿನ ಕಂಪ್ಯೂಟರ್, ನಿಯಂತ್ರಿಸುತ್ತದೆ, ಅಲ್ಲಿ ಕ್ಷಣಕಾಲ ಏರಿ ಇಳಿಯುವುದು ಸಹಜ, ನಿಂತ ಓದನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಅರ್ಧ ವೋಲ್ಟಿಗೆ ಏನಾಗುತ್ತದೆ ಎಂದು ಅನಿಸಬಹುದು. ಈ ಬಲ್ಬುಗಳ ಆಯಸ್ಸನ್ನು ಪರೀಕ್ಷಿಸುವುದು 13.2 ವೋಲ್ಟಿನಲ್ಲಿ. ತಂತಿ ಬಲ್ಬಿನ ಸ್ವಭಾವ ಹೇಗೆಂದರೆ ವೋಲ್ಟೇಜ್ 5 ಶೇಕಡಾ ಏರಿದರೆ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. 15.2 ವೋಲ್ಟ್ ಎಂದರೆ 15 ಶೇಕಡಾ ಏರಿಕೆ, ಉಳಿಯುವ ಆಯಸ್ಸು ಆರನೇ ಒಂದು ಪಾಲು. ಬೆಳಕು ಮಾತ್ರ ಚೆನ್ನಾಗಿಯೇ ಇರುತ್ತದೆ, ಅದೇ ಮೋಸ.

ನಮ್ಮ ಬಿಲ್ಡಿಂಗಿನ ಕೆಳಗಿನ ಮನೆಯ ಕಾಕಾ ವಿಜಯಪುರದವರು. ಅವರ ಹಳೆಯ ಡೀಸೆಲ್ ಕಾರಿನಲ್ಲಿ ಸರಿಯಾಗಿ ಇದೇ ಆಗಿತ್ತು. ಎರಡೂ ಬಲ್ಬ್ ಎರಡು ತಿಂಗಳಿಗೊಮ್ಮೆ ಹೋಗುತ್ತಿದ್ದವು. "ನನ್ನ ಗಾಡಿ ಲೈಟ್ ನೋಡೋ, ಹಗಲು ಬೆಳಗಿದಂಗ ಬೆಳಗತಾವ" ಎಂದು ಅವರಿಗೆ ಹೆಮ್ಮೆ ಬೇರೆ. ಮೀಟರ್ ಹಿಡಿದರೆ 15.3. ಬ್ಯಾಟರಿಯ ನೀರು ಬೇಗ ಇಳಿಯುತ್ತಿತ್ತು, ಟರ್ಮಿನಲ್ಲಿನ ಮೇಲೆ ಬಿಳಿ ಪುಡಿ, ಬಾನೆಟ್ ತೆಗೆದರೆ ಕೊಳೆತ ಮೊಟ್ಟೆಯ ವಾಸನೆ. ಇವೆಲ್ಲ ಓವರ್‌ಚಾರ್ಜಿನ ಲಕ್ಷಣಗಳೇ. ಗ್ಯಾರೇಜಿನವರು ಡೈನಮೋ ಪೂರ್ತಿ ಬದಲಿಸಬೇಕು ಎಂದಿದ್ದರು.

ಉಸ್ತಾದ್ ಬದಲಿಸಲಿಲ್ಲ. ಕೆಲವು ಡೈನಮೋಗಳಲ್ಲಿ ಕಟೌಟಿಗೆ ಬ್ಯಾಟರಿಯ ವೋಲ್ಟೇಜ್ ಎಷ್ಟಿದೆ ಎಂದು ತಿಳಿಸಲಿಕ್ಕೇ ಒಂದು ಸಣ್ಣ ವೈರ್ ಇರುತ್ತದೆ. ಅವರು ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಪ್ಲಸ್ಸಿಗೆ ಮೀಟರಿನ ಒಂದು ಕಡ್ಡಿ, ಆ ವೈರ್ ಕಟೌಟಿಗೆ ಸೇರುವ ಜಾಗಕ್ಕೆ ಇನ್ನೊಂದು ಕಡ್ಡಿ ಇಟ್ಟರು. ಸೊನ್ನೆ ಬರಬೇಕಾದಲ್ಲಿ ಒಂದು ವೋಲ್ಟಿಗೆ ಹತ್ತಿರ ಬಂತು. ವೈರಿನ ಕನೆಕ್ಟರ್ ಹಸಿರು ಕಿಲುಬು ಹಿಡಿದಿತ್ತು. ಬ್ಯಾಟರಿಯಲ್ಲಿ 15.3 ಇದ್ದರೆ ಕಟೌಟಿಗೆ ಕಾಣುತ್ತಿದ್ದದ್ದು 14.3. ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು, ಅದಕ್ಕೆ ಬರುತ್ತಿದ್ದ ಸುದ್ದಿ ಮಾತ್ರ ಸುಳ್ಳು. ಪಿನ್ ಕೆರೆದು, ಕನೆಕ್ಟರ್ ಹೊಸದು ಹಾಕಿದ ಮೇಲೆ ಬ್ಯಾಟರಿಯಲ್ಲೂ 14.3. ಡೈನಮೋ ಬದಲಿಸುವ ಮುಂಚೆ ಈ ಐದು ನಿಮಿಷದ ಅಳತೆ ಮಾಡಿಸಿ. ಅಲ್ಲಿ ಸೊನ್ನೆ ಬಂದು, ವೋಲ್ಟೇಜ್ ಆದರೂ ಇಳಿಯದಿದ್ದರೆ ಕಟೌಟ್ ಹೋಗಿದೆ ಎಂದೇ ಅರ್ಥ.

ಇನ್ನೂ ಒಂದಿದೆ. ಬ್ಯಾಟರಿ ಟರ್ಮಿನಲ್ ಸಡಿಲವಿದ್ದರೆ ಓಡುವಾಗ ಅದು ಬಿಟ್ಟು ಬಿಟ್ಟು ಹಿಡಿಯುತ್ತದೆ. ಡೈನಮೋದಿಂದ ಬರುವ ಏರಿಳಿತವನ್ನು ನುಂಗಿಕೊಳ್ಳುವುದು ಬ್ಯಾಟರಿ, ಅದು ಕೈಬಿಟ್ಟ ಕ್ಷಣದಲ್ಲಿ ವೋಲ್ಟೇಜ್ ಜಿಗಿಯುತ್ತದೆ. ಕೈಯಿಂದ ತಿರುಗಿಸಿದರೆ ಟರ್ಮಿನಲ್ ಅಲುಗುತ್ತದೆಯೇ ಎಂದು ಎಲ್ಲಕ್ಕಿಂತ ಮೊದಲು ನೋಡಿ, ಖರ್ಚಿಲ್ಲದ ಕೆಲಸ.

ಹೋಲ್ಡರಿನ ಕಥೆ

ಒಂದೇ ಕಡೆಯ ರೋಗಕ್ಕೆ ಬರೋಣ. ಬಲ್ಬಿನ ಹಿಂದಿನ ಮೂರು ಪಿನ್ನಿನ ಕಪ್ಲರ್ ಕಿತ್ತು ನೋಡಿ. ಪ್ಲಾಸ್ಟಿಕ್ ಕಂದಾಗಿದ್ದರೆ, ಒಂದು ಮೂಲೆ ಕರಗಿದ್ದರೆ, ಪಿನ್ನು ಕಪ್ಪಾಗಿದ್ದರೆ ಅಲ್ಲಿ ಸಂಪರ್ಕ ಸಡಿಲ. 55 ವಾಟಿನ ತಂತಿ 12 ವೋಲ್ಟಿನಲ್ಲಿ ಸುಮಾರು 4.6 ಆಂಪಿಯರ್ ಎಳೆಯುತ್ತದೆ. ಸಂಪರ್ಕದಲ್ಲಿ 0.1 ಓಮ್ ತಡೆ ಇದ್ದರೂ ಎರಡು ವಾಟಿನಷ್ಟು ಬಿಸಿ ಆ ಸಣ್ಣ ಪಿನ್ನಿನಲ್ಲೇ ಹುಟ್ಟುತ್ತದೆ. ಬಿಸಿಗೆ ಪಿನ್ ಇನ್ನಷ್ಟು ಸಡಿಲ, ಸಡಿಲಾದಷ್ಟೂ ಬಿಸಿ.

ಸಡಿಲ ಕಪ್ಲರಿನಿಂದ ಬೆಳಕು ಕಡಿಮೆಯಾಗಬೇಕಲ್ಲ, ಬಲ್ಬ್ ಯಾಕೆ ಸುಡುತ್ತದೆ? ಇದನ್ನು ನಾನೂ ಕೇಳಿದೆ. ತಣ್ಣಗಿರುವ ತಂತಿಯ ತಡೆ ಬಿಸಿ ತಂತಿಯ ತಡೆಯ ಹತ್ತನೇ ಒಂದು ಪಾಲಿನಷ್ಟೇ ಇರುತ್ತದೆ. ಹಾಗಾಗಿ ಲೈಟ್ ಹಾಕಿದ ಕ್ಷಣದಲ್ಲಿ ಅದರ ಮೂಲಕ ನುಗ್ಗುವ ಕರೆಂಟ್ ಮಾಮೂಲಿಗಿಂತ ಎಷ್ಟೋ ಪಟ್ಟು. ಬಲ್ಬುಗಳು ಸಾಮಾನ್ಯವಾಗಿ ಸ್ವಿಚ್ ಹಾಕಿದಾಗಲೇ ಸಾಯುವುದು ಇದಕ್ಕೇ. ಸಡಿಲ ಕಪ್ಲರ್ ಪ್ರತಿ ಗುಂಡಿಯಲ್ಲೂ ಬಲ್ಬನ್ನು ಆರಿಸಿ ಹಚ್ಚುತ್ತದೆ. ಕಾತ್ರಜದಿಂದ ಮನೆಗೆ ಬರುವಷ್ಟರಲ್ಲಿ ನೀವು ಒಂದು ವರ್ಷದಲ್ಲಿ ಒತ್ತುವಷ್ಟು ಸಲ ಅದು ಸ್ವಿಚ್ ಒತ್ತಿರುತ್ತದೆ.

ಇಲ್ಲಿ ಅಳತೆ ಮಾಡುವಾಗ ಕಪ್ಲರ್ ಬಲ್ಬಿಗೆ ಹಾಕಿ, ಲೈಟ್ ಉರಿಯುತ್ತಿರುವಾಗಲೇ ಹಿಂದಿನಿಂದ ಕಡ್ಡಿ ತೂರಿಸಿ ಅಳೆಯಬೇಕು. ಕಪ್ಲರ್ ಕಿತ್ತು ಅಳೆದರೆ ಕೊಳೆತ ವೈರಿನಲ್ಲೂ 12 ವೋಲ್ಟ್ ತೋರಿಸುತ್ತದೆ, ಹೊರೆ ಇಲ್ಲವಲ್ಲ. ಬ್ಯಾಟರಿಯಲ್ಲಿ ಇರುವುದಕ್ಕೂ ಬಲ್ಬಿನಲ್ಲಿ ಇರುವುದಕ್ಕೂ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ದಾರಿಯಲ್ಲಿ ಎಲ್ಲೋ ತಡೆ ಇದೆ: ಕಪ್ಲರ್, ಸ್ವಿಚ್ ಅಥವಾ ಅರ್ಥಿಂಗ್. ಡಿಪ್ಪರ್ ಹಾಕಿದಾಗ ಒಂದು ಕಡೆಯ ಬಲ್ಬಿನಲ್ಲಿ ಎರಡೂ ತಂತಿ ಮಂಕಾಗಿ ಉರಿದು, ಡ್ಯಾಶ್‌ಬೋರ್ಡಿನಲ್ಲಿ ಅಪ್ಪರ್ ತೋರಿಸುವ ನೀಲಿ ದೀಪ ಸಣ್ಣಗೆ ಹೊತ್ತಿಕೊಂಡರೆ ಅರ್ಥಿಂಗ್ ಬಿಟ್ಟಿದೆ, ಕರೆಂಟ್ ಇನ್ನೊಂದು ತಂತಿಯ ಮೂಲಕ ಸುತ್ತುದಾರಿ ಹಿಡಿದಿದೆ.

ಕರಗಿದ ಕಪ್ಲರಿಗೆ ರಿಪೇರಿ ಇಲ್ಲ. ನಾನಾ ಪೇಠೆಯಲ್ಲಿ ವೈರ್ ಸಮೇತ ಸೆರಾಮಿಕ್ ಹೋಲ್ಡರ್ ಸಿಗುತ್ತದೆ, ಅದನ್ನು ಹಾಕಿಸಿ. ಸುಟ್ಟ ವೈರಿನ ತುದಿಯನ್ನು ಒಳ್ಳೆಯ ತಾಮ್ರ ಕಾಣುವವರೆಗೆ ಕತ್ತರಿಸಿಯೇ ಜೋಡಿಸಬೇಕು, ಸುಮ್ಮನೆ ತಿರುಚಿ ಟೇಪ್ ಸುತ್ತಿದರೆ ಆರು ತಿಂಗಳಿಗೆ ಮತ್ತೆ ಅದೇ.

90/100 ವಾಟಿನ ಬಲ್ಬ್ ಹಾಕಿದ್ದರೆ ಕಪ್ಲರ್ ಕರಗುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. 60ರ ಜಾಗದಲ್ಲಿ 100 ವಾಟ್ ಎಂದರೆ ಅದೇ ವೈರಿನಲ್ಲಿ ಬಿಸಿ ಮೂರು ಪಟ್ಟಿಗೆ ಹತ್ತಿರ. ಎದುರಿನವರ ಕಣ್ಣಿಗೂ ಒಳ್ಳೆಯದಲ್ಲ. ಬ್ಯಾಟರಿಯಿಂದ ನೇರವಾಗಿ ಬಲ್ಬಿಗೆ ಕರೆಂಟ್ ಕೊಡುವ, ರಿಲೇ ಇರುವ ವೈರಿಂಗ್ ಕಿಟ್ ಒಳ್ಳೆಯದೇ, ಆದರೆ ಒಂದು ಮಾತು: ಹಳೆಯ ವೈರಿಂಗಿನಲ್ಲಿ 12.9 ವೋಲ್ಟ್ ತಿನ್ನುತ್ತಿದ್ದ ಬಲ್ಬಿಗೆ ಕಿಟ್ ಹಾಕಿದ ಮೇಲೆ ಪೂರ್ತಿ 14 ಸಿಗುತ್ತದೆ. ಬೆಳಕು ಕಣ್ಣಿಗೆ ಕಾಣುವಷ್ಟು ಏರುತ್ತದೆ, ಆಯಸ್ಸು ಇಳಿಯುತ್ತದೆ. ಅದು ದೋಷವಲ್ಲ, ಕೊಟ್ಟು ಪಡೆದದ್ದು.

ಅಲುಗಾಟ, ಮತ್ತು ನನ್ನ ಬಂಪರ್

ಹಿಂದಿನ ವರ್ಷ ಪಾರ್ಕಿಂಗಿನ ಕಂಬಕ್ಕೆ ಬಲಗಡೆ ಮೆಲ್ಲಗೆ ತಾಗಿಸಿದ್ದೆ. ಒಂದು ಗ್ಯಾರೇಜಿನಲ್ಲಿ ಬಂಪರ್ ಸರಿಮಾಡಿ, ಬಣ್ಣ ಹೊಡೆದು, ಹೊಸದರಂತೆ ಮಾಡಿಕೊಟ್ಟಿದ್ದರು. ಉಸ್ತಾದ್ ಎರಡೂ ಅಂಗೈಯಲ್ಲಿ ಬಲಗಡೆಯ ಹೆಡ್‌ಲೈಟಿನ ಗಾಜನ್ನು ಹಿಡಿದು ಅಲ್ಲಾಡಿಸಿದರು. ಸಡಿಲ ಹಲ್ಲಿನ ಹಾಗೆ ಅಲುಗಿತು. ಎಡಗಡೆಯದು ಕಲ್ಲು. ಬಲಗಡೆಯ ದೀಪವನ್ನು ಬಾಡಿಗೆ ಹಿಡಿಯುವ ಪ್ಲಾಸ್ಟಿಕ್ ಕಿವಿಗಳಲ್ಲಿ ಒಂದು ಮುರಿದೇ ಹೋಗಿತ್ತು, ಗ್ಯಾರೇಜಿನವರು ಬಂಪರ್ ಮುಚ್ಚಿ ಕಳಿಸಿದ್ದರು. ಬಲ್ಬನ್ನು ಒತ್ತಿ ಹಿಡಿಯುವ ತಂತಿ ಕ್ಲಿಪ್ಪೂ ಒಂದು ಕಡೆ ಬಾಗಿತ್ತು.

ಮನೆಯಲ್ಲೇ ಇದನ್ನು ನೋಡಬಹುದು. ರಾತ್ರಿ ಕಾರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಎಂಜಿನ್ ಓಡಿಸಿ, ಡಿಪ್ಪರ್ ಹಾಕಿ. ಗೋಡೆಯ ಮೇಲೆ ಬೆಳಕಿನ ಮೇಲಂಚು ಒಂದು ಕಡೆ ನಿಂತು, ಇನ್ನೊಂದು ಕಡೆ ನಡುಗುತ್ತಿದ್ದರೆ ನಡುಗುವ ಕಡೆಯಲ್ಲೇ ರೋಗ. ಬಿಸಿ ತಂತಿ ಮೆತ್ತಗಿರುತ್ತದೆ, ಅದಕ್ಕೆ ಈ ನಡುಕ ಸಾಕು. ಬಾನೆಟನ್ನು ಎರಡಡಿ ಮೇಲಿಂದ ಧಡ್ ಎಂದು ಬಿಡುವ ಅಭ್ಯಾಸ, ಅದೂ ಲೈಟ್ ಉರಿಯುತ್ತಿರುವಾಗ, ಅದನ್ನೂ ಬಿಡಿ.

ಮುರಿದ ಕಿವಿಗೆ ಉಸ್ತಾದ್ ಕಬ್ಬಿಣದ ಸಣ್ಣ ಪಟ್ಟಿ ಬಗ್ಗಿಸಿ ಸ್ಕ್ರೂ ಹಾಕಿದರು, ಕ್ಲಿಪ್ ನೇರ ಮಾಡಿದರು. ಬಲ್ಬಿನ ಬುಡದ ಮೂರು ಕಚ್ಚುಗಳು ದೀಪದ ಮೂರು ಸೀಳಿನಲ್ಲಿ ಸಮನಾಗಿ ಕೂತ ಮೇಲೆಯೇ ಕ್ಲಿಪ್ ಹಾಕಬೇಕು. ಓರೆ ಕೂತರೂ ಕ್ಲಿಪ್ ಬೀಳುತ್ತದೆ, ಬಲ್ಬ್ ಅಲುಗುತ್ತದೆ, ಬೆಳಕು ಎಲ್ಲಿಗೋ ಹೋಗುತ್ತದೆ.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕಡೆ ನೀರಿನದೇ ಕಾರುಬಾರು. ಹೆಡ್‌ಲೈಟಿನ ಒಳಗೆ ತೆಳ್ಳಗೆ ಮಂಜು ಕಟ್ಟಿ, ಲೈಟ್ ಹಾಕಿದ ಮೇಲೆ ಆರಿದರೆ ಚಿಂತೆಯಿಲ್ಲ. ಹನಿ ಹನಿಯಾಗಿ ಇಳಿದು ಕೆಳಗೆ ನೀರು ನಿಂತರೆ, ಆ ಹನಿ ಬಿಸಿ ಗಾಜಿಗೆ ಹಾರಿದ ದಿನ ಬಲ್ಬ್ ಸೀಳುತ್ತದೆ. ಹೆಚ್ಚಿನ ಸಲ ಕಾರಣ ಬಲ್ಬಿನ ಹಿಂದಿನ ರಬ್ಬರ್ ಟೋಪಿ ಇಲ್ಲದಿರುವುದು ಅಥವಾ ತಲೆಕೆಳಗಾಗಿ ಕೂತಿರುವುದು. ಟಾಪ್ ಎಂದು ಬರೆದಿದ್ದರೆ ಆ ಕಡೆ ಮೇಲೆ ಬರಬೇಕು. ಗೋವಾ, ಮುಂಬಯಿಯ ಕಡಲ ದಂಡೆಯವರಿಗೆ ಉಪ್ಪು ಗಾಳಿಯ ಕಾಟ ಬೇರೆ, ಪಿನ್ನುಗಳು ನಮ್ಮಲ್ಲಿಗಿಂತ ಬೇಗ ಹಸಿರಾಗುತ್ತವೆ. ಮಳೆ ಶುರುವಾಗುವ ಮೊದಲು ಒಮ್ಮೆ ಕಪ್ಲರ್ ಕಿತ್ತು ಕಾಂಟ್ಯಾಕ್ಟ್ ಕ್ಲೀನರ್ ಹೊಡೆದಿಡಿ.

ನನ್ನ ಕಾರಿನ ಬಲಗಡೆಯ ರಬ್ಬರ್ ಟೋಪಿಯೂ ಆ ಗ್ಯಾರೇಜಿನಲ್ಲೇ ಉಳಿದಿತ್ತು. ಹೊಸದು ತಂದು ಹಾಕಿದೆ. ಐದನೇ ಬಲ್ಬ್ ಹಾಕಿ ಎರಡು ಮಳೆಗಾಲ ಕಳೆದಿದೆ.

ರಾತ್ರಿ ದಾರಿಯಲ್ಲಿ ಹೋದರೆ

ಸುಟ್ಟದ್ದನ್ನು ಬದಲಿಸುವಾಗ ಜೋಡಿಯಾಗಿಯೇ ಬದಲಿಸಿ, ಇನ್ನೂ ಉರಿಯುವ ಹಳೆಯದನ್ನು ಡಬ್ಬಿಯಲ್ಲಿ ಹಾಕಿ ಡಿಕ್ಕಿಯಲ್ಲಿ ಇಡಿ. ಅದೂ ಇಲ್ಲದೆ ಹೆದ್ದಾರಿಯಲ್ಲಿ ಬಲಗಡೆಯ ಡಿಪ್ಪರ್ ಹೋಯಿತು ಅಂದುಕೊಳ್ಳಿ. ಬೆಳಕಿರುವ ಧಾಬಾದ ಅಂಗಳದಲ್ಲೋ ಪೆಟ್ರೋಲ್ ಬಂಕಿನಲ್ಲೋ ನಿಲ್ಲಿಸಿ, ಲೈಟ್ ಆರಿಸಿ ಬಲ್ಬುಗಳು ತಣ್ಣಗಾದ ಮೇಲೆ ಎಡಗಡೆಯ ಒಳ್ಳೆಯ ಬಲ್ಬನ್ನು ಬಲಕ್ಕೂ ಸತ್ತದ್ದನ್ನು ಎಡಕ್ಕೂ ಹಾಕಿ. ಎಡದ ದೀಪ ಒಂದೇ ಉರಿಯುತ್ತಿದ್ದರೆ ಎದುರಿನಿಂದ ಬರುವವರಿಗೆ ನೀವು ದೂರದಲ್ಲಿ ಅಂಚು ಹಿಡಿದು ಬರುವ ಬೈಕಿನ ಹಾಗೆ ಕಾಣುತ್ತೀರಿ, ನಿಮ್ಮ ಕಾರಿನ ಬಲ ಮಗ್ಗುಲು ಅವರ ಲೆಕ್ಕಕ್ಕೇ ಬರುವುದಿಲ್ಲ. ಶಿರವಳದ ಆ ರಾತ್ರಿ ನನಗೆ ಇದು ಗೊತ್ತಿರಲಿಲ್ಲ. ಒಂದು ಲಾರಿ ಹಿಂದೆ ಅಂಟಿಕೊಂಡು, ಪಾರ್ಕಿಂಗ್ ಲೈಟ್, ಫಾಗ್ ಲ್ಯಾಂಪ್ ಎಲ್ಲ ಹಾಕಿಕೊಂಡು ಪುಣೆ ಮುಟ್ಟಿದೆ.